‘ನೀವಾ’ ಶಬ್ದದ ಮೂಲವಿಚಾರ

ಸ್ಲಾವ್ ಜನರ ಹೆಸರು ಗ್ರೀಕ್ ಮತ್ತು ಲ್ಯಾಟಿನ್ ಇತಿಹಾಸಗ್ರಂಥಗಳಲ್ಲಿ ಸ್ಪಷ್ಟವಾಗಿ ಕಾಣುವುದು ಕ್ರಿ. ಶ. 6ನೆಯ ಶತಮಾನದಲ್ಲಿ. ಅವರ ಭಾಷೆಯಲ್ಲಿ ಗ್ರಂಥರಚನೆ ಮೊದಲಾದುದು 9ನೆಯ ಶತಮಾನದಲ್ಲಿ, ಸಿರಿಲ್ ಮತ್ತು ಮೆಥೋಡಿಯಸ್ ಸೋದರರಿಂದ. ಅದಕ್ಕೂ ಹಿಂದಿನ ಅವರ ಬೇಸಾಯವನ್ನು ಕುರಿತು ಉತ್ಖನನಗಳೊಡನೆ ಶಬ್ದಗಳೇ ಸಾಕ್ಷ್ಯ ನುಡಿಯಬೇಕು. ಅಂತಹ ಶಬ್ದಗಳಲ್ಲೊಂದು *ನೀವಾ. ಇಲ್ಲಿಯ ನಕ್ಷತ್ರಚಿಹ್ನೆಯು, ಈ ರೂಪವು ಬರಹದಲ್ಲಿ ದೊರೆತುದಲ್ಲ, ಸೋದರಭಾಷೆಗಳ ಹೋಲಿಕೆಯಿಂದ ಪುನಾರಚಿಸಿದುದು ಎಂಬುದನ್ನು ಸೂಚಿಸುತ್ತದೆ.

ರಷ್ಯನ್, ಪೋಲಿಷ್, ಬಲ್ಗೇರಿಯನ್, ಸರ್ಬಿಯನ್ ಭಾಷೆಗಳಲ್ಲೆಲ್ಲ ಈ ಶಬ್ದಕ್ಕೆ ಹೊಲ ಎಂಬ ಅರ್ಥವಿದೆ. ಲೂಕನ ಸುವಾರ್ತೆಯಲ್ಲಿ ಧನಿಕನ ಭೂಮಿ ಸಮೃದ್ಧವಾಗಿ ಬೆಳೆದ ದೃಷ್ಟಾಂತವುಂಟಷ್ಟೆ. ಅದರ ಚರ್ಚ್ ಸ್ಲಾವಾನಿಕ್ ಅನುವಾದದಲ್ಲಿ ಆ ಭೂಮಿಗೆ ‘ನೀವಾ’ ಎಂದೇ ಹೆಸರು. ಹೀಗೆ ಪೂರ್ವ, ಪಶ್ಚಿಮ, ದಕ್ಷಿಣ ಶಾಖೆಗಳು ಮೂರರಲ್ಲಿಯೂ ಇರುವುದರಿಂದ, ಇದು ಆ ಶಾಖೆಗಳು ಕವಲೊಡೆಯುವ ಮೊದಲಿನ ಶಬ್ದವೆಂಬುದು ನಿರ್ವಿವಾದ.

ಇದರ ಮೂಲಾರ್ಥವೇನು? ವಿದ್ವಾಂಸರು ಇದನ್ನು ಗ್ರೀಕಿನ ‘ನೇಯೊಸ್’ ಶಬ್ದದೊಡನೆ ಹೋಲಿಸುವರು. ಉತ್ತು, ಬಿತ್ತದೆ ಬಿಟ್ಟ ಹೊಲವೇ ನೇಯೊಸ್; ‘ಇಲಿಯಡ್’ ಕಾವ್ಯದಲ್ಲಿ ಅಖಿಲೀಸನ ಗುರಾಣಿಯ ಮೇಲೆ ಕೆತ್ತಲಾದ, ಮೂರು ಬಾರಿ ಉತ್ತ ಹೊಲಕ್ಕೆ ಇದೇ ಹೆಸರು. ಎರಡಕ್ಕೂ ‘ಕೆಳಗೆ’ ಎಂಬರ್ಥದ ‘ನಿ’ ಮೂಲವೆಂದು ಒಂದು ಪಕ್ಷ. ಕನ್ನಡಿಗರಿಗೆ ಪರಿಚಿತವಾದ ನಿಮ್ನ, ನೀಚ ಎಂಬ ಸಂಸ್ಕೃತ ಶಬ್ದಗಳಲ್ಲಿರುವುದೂ ಅದೇ. ಚೆಕ್ ಭಾಷೆಯಲ್ಲಿ ‘ನಿವಾ’ ಎಂದರೆ ನದೀತೀರದ ತಗ್ಗುನೆಲವೆಂಬುದು ಈ ಪಕ್ಷಕ್ಕೆ ಪೋಷಕವಾಗಿದೆ.

ಆದರೆ ತೊಡಕೊಂದುಂಟು. ಸರ್ಬಿಯನ್, ಸ್ಲೊವೀನ್ ಭಾಷೆಗಳಲ್ಲಿ ಉಚ್ಚಾರಣೆ ‘ನ್ಯಿವಾ’. ಅದೇ ‘ನಿ’ ಮೂಲದಿಂದ ಬಂದ, ‘ತಗ್ಗಾದ’ ಎಂಬರ್ಥದ ‘ನಿಜಾಕ್’ ಶಬ್ದದಲ್ಲಿ ಸರ್ಬಿಯನ್ನರು ಶುದ್ಧ ನಕಾರವನ್ನೇ ಉಳಿಸಿಕೊಂಡಿದ್ದಾರೆ. ಮೂಲವೊಂದೇ ಆಗಿದ್ದಲ್ಲಿ ಈ ಭೇದವೇಕೆ? ಇದಕ್ಕೆ ಸಮಾಧಾನ ಹೇಳದೆ ‘ತಗ್ಗುನೆಲ’ವೆಂಬ ಅರ್ಥವನ್ನು ಸಿದ್ಧಾಂತವೆನ್ನಲಾಗದು.

ಇದಕ್ಕೆ ಹೋಲಿಸಿದರೆ, ಉಳುವುದೆಂಬರ್ಥದ *ಓರಾತಿ ಧಾತುವಿನ ಸ್ಥಾನ ಭದ್ರವಾದುದು. ಲ್ಯಾಟಿನ್ನಿನ ‘ಅರಾರೆ’, ಲಿಥುವೇನಿಯನ್ನಿನ ‘ಆರ್ತಿ’, ಗಾಥಿಕ್ಕಿನ ‘ಅರ್ಯನ್’ ಇದರ ಜ್ಞಾತಿಗಳು. ಪೋಲಿಷ್ ಭಾಷೆಯಲ್ಲಿ ಉತ್ತ ಹೊಲಕ್ಕಿರುವ ‘ರೋಲಾ’ ಎಂಬ ಹೆಸರು ಹುಟ್ಟಿದುದು ಇದರಿಂದಲೇ. ನಮ್ಮ ‘ಏರು’ ಶಬ್ದವು ಕಿವಿಗೆ ಇವುಗಳಂತೆಯೇ ಕೇಳಿಸೀತು. ಆದರೆ ಅದು ತಮಿಳಿನ ‘ಏರ್’ ಶಬ್ದದ ಬಂಧು, ದ್ರಾವಿಡ ಮೂಲದ್ದು. ನಾದಸಾಮ್ಯ ಮಾತ್ರದಿಂದ ನಂಟು ಸಿದ್ಧಿಸದು.

ಆದುದರಿಂದ ಸ್ಲಾವರು ಕವಲೊಡೆಯುವ ಮೊದಲೇ ಉಳುಮೆಯನ್ನು ಬಲ್ಲವರಾಗಿದ್ದರು, ಹೊಲಕ್ಕೆ ಹೆಸರಿಟ್ಟಿದ್ದರು ಎಂಬಷ್ಟನ್ನು ಇತಿಹಾಸಕಾರನು ನಿಶ್ಶಂಕೆಯಿಂದ ಹೇಳಬಹುದು. ಅವರ ಮೊದಲ ಹೊಲಗಳು ನದೀತೀರದ ತಗ್ಗಿನಲ್ಲಿದ್ದುವೆಂದು ಈ ಒಂದು ಶಬ್ದದ ಬಲದಿಂದ ಸಾಧಿಸಹೊರಡುವುದು ಯುಕ್ತವಲ್ಲ.