ಹಚ್ಚೆ ಮತ್ತು ಕಿವಿ-ಮೂಗು ಚುಚ್ಚುವ ಕಸುಬು

ಸೂಜಿಯಿಂದ ಚರ್ಮದೊಳಗೆ ಬಣ್ಣ ಇಳಿಸಿ ಅಳಿಯದ ಚಿತ್ರ ಮೂಡಿಸುವುದು ಹಚ್ಚೆ. ಒಡವೆ ತೊಡಲೆಂದು ಕಿವಿ, ಮೂಗು, ಹೊಕ್ಕುಳಿನಂಥ ಕಡೆ ತೂತು ಮಾಡುವುದು ಚುಚ್ಚುವಿಕೆ. ಎರಡರಲ್ಲೂ ಬೇಕೆಂದೇ ಗಾಯ ಮಾಡಲಾಗುತ್ತದೆ. ಆ ಗಾಯ ನಂಜೇರದೆ ಮಾಯುವಂತೆ ನೋಡಿಕೊಳ್ಳುವುದು ಕಸುಬಿನ ಮೊದಲ ವಿದ್ಯೆ. ಚಿತ್ರ ಬಿಡಿಸುವ ಕೈಚಳಕ ಆಮೇಲಿನದು.

ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಳೆಯ 'ಓಟ್ಸಿ' ಎಂಬ ಮನುಷ್ಯನ ಶವದ ಮೇಲೆ 61 ಹಚ್ಚೆ ಗುರುತುಗಳಿವೆ. ಕರ್ನಾಟಕದಲ್ಲಿ ಈ ಕಸುಬು ಬಹುಕಾಲ ಊರೂರು ತಿರುಗುವ ಕೊರವ ಹೆಂಗಸರ ಕೈಯಲ್ಲಿತ್ತು. ಹಣೆಗೆ, ಗಲ್ಲಕ್ಕೆ, ಮುಂಗೈಗೆ ಅವರು ಹೊಯ್ದ ಹಚ್ಚೆ ಇಂದಿಗೂ ಅನೇಕ ಅಜ್ಜಿಯರ ಮೈಮೇಲಿದೆ. ಕಿವಿ ಚುಚ್ಚುವುದು ಅಕ್ಕಸಾಲಿಗರ ಕೆಲಸ. ಅದರ ವಿಧಾನವನ್ನು ಪ್ರಾಚೀನ ವೈದ್ಯಗ್ರಂಥ ಸುಶ್ರುತ ಸಂಹಿತೆ ಬಹಳ ನಿಖರವಾಗಿ ಹೇಳಿದೆ: ಮಗುವಿನ ಕಿವಿಯ ಹಾಲೆಯನ್ನು ಎಡಗೈಯಲ್ಲಿ ಎಳೆದು ಹಿಡಿದು, ಬಿಸಿಲು ಹಾಯುವ ತೆಳು ಜಾಗ ಗುರುತಿಸಿ, ಬಲಗೈಯಿಂದ ನೇರವಾಗಿ, ನಿಧಾನವಾಗಿ ಚುಚ್ಚಬೇಕು. ರಕ್ತ, ನೋವು ಅತಿಯಾದರೆ ಜಾಗ ತಪ್ಪಿದೆ ಎಂದರ್ಥ.

ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ 1891ರಲ್ಲಿ ವಿದ್ಯುತ್ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ. ಎಡಿಸನ್ನನ ವಿದ್ಯುತ್ ಪೆನ್ನು ಅದಕ್ಕೆ ಮೂಲ. ಯಂತ್ರ ಬಂದರೂ ಆಳದ ಲೆಕ್ಕ ಕೈಗೇ ಗೊತ್ತಿರಬೇಕು. ಸೂಜಿ ಚರ್ಮದ ಮೇಲ್ಪದರ ದಾಟಿ, ಒಂದರಿಂದ ಎರಡು ಮಿಲಿಮೀಟರ್ ಆಳದ ಒಳಪದರ ಮುಟ್ಟಬೇಕು. ಮೇಲೇ ನಿಂತರೆ ಚರ್ಮ ಉದುರುವಾಗ ಬಣ್ಣವೂ ಹೋಗುತ್ತದೆ. ಆಳಕ್ಕಿಳಿದರೆ ಗೆರೆ ಹರಡಿ ಮಸುಕಾಗುತ್ತದೆ.

ಒಳ್ಳೆಯ ಸ್ಟುಡಿಯೋವನ್ನು ಗೋಡೆಯ ಚಿತ್ರಗಳಿಗಿಂತ ಮೇಜು ನೋಡಿ ಗುರುತಿಸಬೇಕು. ಸೂಜಿಯ ಪೊಟ್ಟಣವನ್ನು ಗಿರಾಕಿಯ ಎದುರೇ ಒಡೆಯುತ್ತಾರೆ. ಶಾಯಿಯನ್ನು ಪುಟ್ಟ ಬಟ್ಟಲಿಗೆ ಸುರಿದುಕೊಂಡು, ಉಳಿದದ್ದನ್ನು ಚೆಲ್ಲುತ್ತಾರೆ. ಮತ್ತೆ ಬಾಟಲಿಗೆ ಸುರಿಯುವುದೆಂದರೆ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ದಾಟಿಸಿದಂತೆ. ಹೆಪಟೈಟಿಸ್ ಬಿ, ಸಿ ಹರಡುವ ಒಂದು ದಾರಿ ಇದು. ಮರುಬಳಕೆಯ ಸಲಕರಣೆಗಳು ಕ್ರಿಮಿನಾಶಕ ಯಂತ್ರವಾದ ಆಟೋಕ್ಲೇವ್‌ನ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕನಿಷ್ಠ 15 ನಿಮಿಷ ಇರಬೇಕು. ಬರೀ ಕುದಿಸಿದರೆ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣ ಸಾಯುವುದಿಲ್ಲ.

ಚುಚ್ಚಲು ಪರಿಣತರು ಟೊಳ್ಳು ಸೂಜಿ ಬಳಸುತ್ತಾರೆ. ಅಂಗಡಿಗಳ ಸ್ಪ್ರಿಂಗ್ ಗನ್ ಒಡವೆಯನ್ನು ರಭಸದಿಂದ ನುಗ್ಗಿಸುವುದರಿಂದ ಕಿವಿಯ ಮೇಲ್ಭಾಗದ ಮೃದ್ವಸ್ಥಿಗೆ ಪೆಟ್ಟು ಬೀಳಬಹುದು. ಅಲ್ಲಿ ನೇರ ರಕ್ತಸಂಚಾರವಿಲ್ಲ. ಕೀವಾದರೆ ಕಿವಿಯ ಆಕಾರವೇ ಕೆಡಬಹುದು. ಹಾಲೆ ಮಾಯಲು ಆರೆಂಟು ವಾರ ಸಾಕು, ಮೃದ್ವಸ್ಥಿಗೆ ತಿಂಗಳುಗಟ್ಟಲೆ ಬೇಕು. ನಿಕ್ಕಲ್ ಬೆರೆತ ಅಗ್ಗದ ಓಲೆ ಹಲವರಿಗೆ ತುರಿಕೆ ತರುತ್ತದೆ. ಹೊಸ ಗಾಯಕ್ಕೆ ಟೈಟಾನಿಯಂ ಅಥವಾ ಒಳ್ಳೆಯ ಚಿನ್ನ ಲೇಸು.

ಶಾಯಿಯ ರಾಸಾಯನಿಕಗಳ ಮೇಲೆ ಯುರೋಪಿಯನ್ ಒಕ್ಕೂಟ 2022ರ ಜನವರಿಯಿಂದ ಮಿತಿ ಹೇರಿದೆ. ರಕ್ತದಿಂದ ಹರಡುವ ಸೋಂಕಿನ ಭಯದಿಂದ, ಭಾರತದ ರಕ್ತದಾನ ನಿಯಮದಂತೆ ಹಚ್ಚೆ ಹಾಕಿಸಿಕೊಂಡ ಮೇಲೆ 12 ತಿಂಗಳು ರಕ್ತ ಕೊಡುವಂತಿಲ್ಲ.