ಊರಿಗೆಲ್ಲ ಒಂದೇ ಟಿ.ವಿ.

ಅಮೆರಿಕದಲ್ಲಿ 1965ರ ಡಿಸೆಂಬರ್ 9ರಂದು ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’ ಎಂಬ ಅರ್ಧ ಗಂಟೆಯ ಕಾರ್ಟೂನ್ ಚಿತ್ರ ಟಿ.ವಿ.ಯಲ್ಲಿ ಬಂತು. ವರ್ಷವರ್ಷವೂ ಮರುಪ್ರಸಾರವಾಗಿ, ಅದನ್ನು ಮನೆಮಂದಿಯೆಲ್ಲ ಕೂಡಿ ನೋಡುವುದೇ ಹಬ್ಬದ ಭಾಗವಾಯಿತು.

ಹತ್ತು ವರ್ಷಗಳ ನಂತರ, 1975ರ ಕ್ರಿಸ್‌ಮಸ್ ಹೊತ್ತಿಗೆ, ಅಂದಿನ ಗುಲ್ಬರ್ಗ ಜಿಲ್ಲೆಯ ಹಳ್ಳಿಗಳಲ್ಲೂ ಟಿ.ವಿ. ಇತ್ತು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನ ‘ಸೈಟ್’ ಪ್ರಯೋಗ ಆ ಆಗಸ್ಟ್‌ನಿಂದ ಒಂದು ವರ್ಷ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಉಪಗ್ರಹ ಅವರದು, ಕಾರ್ಯಕ್ರಮ ನಮ್ಮವು: ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಬೇಸಾಯ, ಆರೋಗ್ಯ. ಊರಿಗೆ ಒಂದೇ ಪೆಟ್ಟಿಗೆ. ಎಲ್ಲರೂ ಕೂಡಿಯೇ ನೋಡಬೇಕು.

2020ರಲ್ಲಿ ಚಾರ್ಲಿ ಬ್ರೌನ್ ಆ್ಯಪಲ್ ಕಂಪೆನಿಯ ಪಾಲಾದ. ಇಂದು ಕಲಬುರಗಿಯಲ್ಲಾಗಲಿ, ಕಮಲಾಪುರದಲ್ಲಾಗಲಿ ಕಾರ್ಟೂನ್ ಮಗುವಿನ ಅಂಗೈಯಲ್ಲೇ ಇದೆ. ನೋಡುವುದು ಸುಲಭವಾಗಿದೆ, ಕೂಡಿ ನೋಡುವುದು ಅಪರೂಪವಾಗಿದೆ.