ಬ್ಲ್ಯಾಕ್ ಸ್ಯಾಬತ್: ಸದಸ್ಯರು ಮತ್ತು ಆರಂಭದ ವರ್ಷಗಳು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ರಾಕ್ ತಂಡ. ಹೆವಿ ಮೆಟಲ್ ಎಂಬ ಸಂಗೀತ ಪ್ರಕಾರದ ಉಗಮವನ್ನು ಸಾಮಾನ್ಯವಾಗಿ ಈ ತಂಡದಿಂದಲೇ ಎಣಿಸುತ್ತಾರೆ. ಮೂಲ ಸದಸ್ಯರು ನಾಲ್ವರು: ಗಿಟಾರ್ ವಾದಕ ಟೋನಿ ಐಯೋಮಿ (ಜನನ 1948), ಡ್ರಮ್ಸ್ ವಾದಕ ಬಿಲ್ ವಾರ್ಡ್ (ಜನನ 1948), ಬೇಸ್ ಗಿಟಾರ್ ವಾದಕ ಗೀಜರ್ ಬಟ್ಲರ್ (ಜನನ 1949) ಮತ್ತು ಗಾಯಕ ಓಜಿ ಆಸ್ಬರ್ನ್ (1948–2025). ನಾಲ್ವರೂ ಆಸ್ಟನ್ ಎಂಬ ಒಂದೇ ಬಡಾವಣೆಯಲ್ಲಿ ಬೆಳೆದವರು. ತಂಡ ಕೂಡಿದ್ದು 1968ರಲ್ಲಿ, ಈಗಿನ ಹೆಸರು ಬಂದದ್ದು 1969ರಲ್ಲಿ, ಮೊದಲ ಆಲ್ಬಂ ಹೊರಬಿದ್ದದ್ದು 1970ರಲ್ಲಿ.

ಆಸ್ಟನ್

ನಗರದ ಕೇಂದ್ರಕ್ಕೆ ಉತ್ತರದಲ್ಲಿರುವ ಆಸ್ಟನ್ ಕಾರ್ಮಿಕರ ಬಡಾವಣೆ. ಹೊರಗಿನವರಿಗೆ ಅದು ಗೊತ್ತಿರುವುದು ಹೆಚ್ಚಾಗಿ ಆಸ್ಟನ್ ವಿಲ್ಲಾ ಫುಟ್‌ಬಾಲ್ ತಂಡದಿಂದ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳನ್ನು ಗುರಿಯಾಗಿಸಿದ್ದವು. ಯುದ್ಧ ಮುಗಿದು ಹತ್ತು ವರ್ಷವಾದರೂ ಬಾಂಬು ಬಿದ್ದ ಜಾಗಗಳು ಹಾಗೆಯೇ ಉಳಿದು, ಈ ಪೀಳಿಗೆಯ ಮಕ್ಕಳಿಗೆ ಆಟದ ಬಯಲಾಗಿದ್ದವು. ಹುಡುಗರು ಹದಿನೈದಕ್ಕೆ ಶಾಲೆ ಬಿಟ್ಟು ಅಪ್ಪ ಅಮ್ಮಂದಿರು ದುಡಿಯುವ ಕಾರ್ಖಾನೆಗಳನ್ನೇ ಸೇರುವುದು ರೂಢಿಯಾಗಿತ್ತು.

ತಂಡದ ಭಾರವಾದ ನಾದಕ್ಕೆ ಕಾರ್ಖಾನೆಗಳ ಸದ್ದೇ ಮೂಲ ಎಂಬ ವಿವರಣೆ ಬಹಳ ಪ್ರಚಾರದಲ್ಲಿದೆ. ಲೋಹ ಬಡಿಯುವ ಯಂತ್ರಗಳ ಸದ್ದಿಗೆ ರಾತ್ರಿ ಹಾಸಿಗೆಯಲ್ಲಿ ಮಲಗಿ ತಾಳ ಹಾಕುತ್ತಿದ್ದುದನ್ನು ವಾರ್ಡ್ ನೆನೆದಿದ್ದಾನೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಇದೇ ನಗರದಿಂದ, ಸರಿಸುಮಾರು ಇದೇ ದಶಕದಲ್ಲಿ, ಮೂಡಿ ಬ್ಲೂಸ್, ದಿ ಮೂವ್, ಸ್ಪೆನ್ಸರ್ ಡೇವಿಸ್ ಗ್ರೂಪ್ ಕೂಡ ಹೊರಬಂದವು. ಅವುಗಳ ನಾದ ಬೇರೆಯೇ. ಸದ್ದು ಎಲ್ಲರ ಕಿವಿಗೂ ಬಿದ್ದಿತ್ತು. ಬ್ಲ್ಯಾಕ್ ಸ್ಯಾಬತ್ ವಿಷಯದಲ್ಲಿ ಕಾರ್ಖಾನೆಯ ಪ್ರಭಾವ ಕಿವಿಯ ಮೂಲಕ ಬಂದದ್ದಕ್ಕಿಂತ ಬೆರಳಿನ ಮೂಲಕ ಬಂದದ್ದು ಹೆಚ್ಚು ಎನ್ನಬಹುದು.

ಟೋನಿ ಐಯೋಮಿ

ಇಟಲಿ ಮೂಲದ ಕುಟುಂಬದ ಒಬ್ಬನೇ ಮಗ. ಮನೆಯಲ್ಲಿ ಅಕಾರ್ಡಿಯನ್ ನುಡಿಸುವವರಿದ್ದರು. ಈತನ ಕೈಗೆ ಬಂದ ಮೊದಲ ವಾದ್ಯವೂ ಅದೇ. ಹುಡುಗನಿಗೆ ಡ್ರಮ್ಸ್ ಬೇಕಾಗಿತ್ತು. ಗಲಾಟೆಯಾಗುತ್ತದೆಂದು ಮನೆಯವರು ಒಪ್ಪಲಿಲ್ಲ. ಎಡಗೈಯವನಾದ್ದರಿಂದ ಎಡಗೈಗೆ ಹೊಂದುವ ವಾಟ್ಕಿನ್ಸ್ ರೇಪಿಯರ್ ಗಿಟಾರನ್ನು ಕ್ಯಾಟಲಾಗ್ ನೋಡಿ ತರಿಸಬೇಕಾಯಿತು. ಆರಂಭದ ಆದರ್ಶ ದಿ ಶ್ಯಾಡೋಸ್ ತಂಡದ ಹ್ಯಾಂಕ್ ಮಾರ್ವಿನ್. ಹಾಡಿಲ್ಲದ, ಗಿಟಾರೇ ಮುಂದಾಳಾಗಿರುವ ಆ ಸಂಗೀತದ ಗುರುತು ಐಯೋಮಿಯಲ್ಲಿ ಕೊನೆಯವರೆಗೂ ಉಳಿಯಿತು: ಈತನ ರಚನೆಗಳು ಗಿಟಾರಿನ ಪಲ್ಲವಿಯಿಂದ, ಅಂದರೆ ರಿಫ್‌ನಿಂದ ಹುಟ್ಟುತ್ತವೆ, ಹಾಡಿನ ಮಾತು ಆಮೇಲೆ ಬರುತ್ತದೆ. ರಾಕಿಂಗ್ ಷೆವ್ರೊಲೆಟ್ಸ್ ಎಂಬ ತಂಡದಲ್ಲಿದ್ದು, ಅನಂತರ ದಿ ರೆಸ್ಟ್ ತಂಡದಲ್ಲಿ ಬಿಲ್ ವಾರ್ಡ್ ಜೊತೆಗೂಡಿದ.

1965ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಐಯೋಮಿ ತಗಡಿನ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಕೆಲಸದಲ್ಲಿದ್ದ. ಯೂರೋಪಿನಲ್ಲಿ ನುಡಿಸುವ ಅವಕಾಶ ಸಿಕ್ಕಿ ಕೆಲಸ ಬಿಡುವುದು ನಿಶ್ಚಯವಾಗಿತ್ತು. ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದವನು ಮತ್ತೆ ಹೋಗುವುದಿಲ್ಲವೆಂದಾಗ, ಕೆಲಸ ಮುಗಿಸಿಯೇ ಬಾ ಎಂದು ತಾಯಿ ಕಳಿಸಿದಳೆಂದು ಈತ ಹೇಳಿದ್ದಾನೆ. ಆ ದಿನ ಪ್ರೆಸ್ ಯಂತ್ರದ ಕೆಲಸಗಾರ ಬಂದಿರಲಿಲ್ಲ. ಅಭ್ಯಾಸವಿಲ್ಲದ ಯಂತ್ರಕ್ಕೆ ಐಯೋಮಿಯನ್ನು ನಿಲ್ಲಿಸಲಾಯಿತು. ಬಲಗೈಯ ನಡುಬೆರಳು ಮತ್ತು ಉಂಗುರಬೆರಳುಗಳ ತುದಿ ಕತ್ತರಿಸಿಹೋದವು. ಎಡಗೈಯಲ್ಲಿ ಮೀಟುವವನಿಗೆ ತಂತಿ ಒತ್ತುವ ಕೈ ಬಲಗೈ.

ಗಿಟಾರ್ ಮುಗಿಯಿತೆಂದು ಕುಳಿತಿದ್ದವನಿಗೆ ಕಾರ್ಖಾನೆಯ ಮೇಲಧಿಕಾರಿಯೊಬ್ಬ ಜ್ಯಾಂಗೋ ರೈನ್‌ಹಾರ್ಟ್‌ನ ಧ್ವನಿಮುದ್ರಿಕೆ ತಂದು ಕೇಳಿಸಿದ. 1928ರಲ್ಲಿ ಬೆಂಕಿಯ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳು ಸ್ವಾಧೀನ ತಪ್ಪಿದ ಮೇಲೂ ಯೂರೋಪಿನ ಅಗ್ರಗಣ್ಯ ಜಾಸ್ ಗಿಟಾರ್ ವಾದಕನಾದವನು ರೈನ್‌ಹಾರ್ಟ್.

ಬೆರಳು, ತಂತಿ, ಶ್ರುತಿ

ಮುಂದಿನದು ಕುಶಲಕರ್ಮಿಯ ಕೆಲಸ. ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯನ್ನು ಐಯೋಮಿ ಕರಗಿಸಿ ಉಂಡೆ ಮಾಡಿದ. ಬೆರಳು ಕೂರುವಷ್ಟು ತೂತು ಕೊರೆದು, ಉಜ್ಜುಕಾಗದದಿಂದ ತಿಕ್ಕಿ ಆಕಾರ ಕೊಟ್ಟು, ಹಳೆಯ ಜಾಕೆಟ್ಟಿನ ಚರ್ಮವನ್ನು ಅಂಟಿಸಿದ. ಬರೀ ಪ್ಲಾಸ್ಟಿಕ್ ತಂತಿಯ ಮೇಲೆ ಜಾರುತ್ತದೆ, ಚರ್ಮ ಹಿಡಿಯುತ್ತದೆ.

ಟೊಪ್ಪಿಗೆ ಹಾಕಿದ ಬೆರಳಿಗೆ ಸ್ಪರ್ಶವಿಲ್ಲ. ತಂತಿಯನ್ನು ಎಷ್ಟು ಒತ್ತಿದೆ, ಎಷ್ಟು ಎಳೆದೆ ಎಂಬುದನ್ನು ಕಿವಿಯಿಂದಲೇ ತಿಳಿಯಬೇಕು. ಇದರಿಂದ ಎರಡು ಅಭ್ಯಾಸಗಳು ಬೆಳೆದವು. ಒಂದು, ಪೂರ್ಣ ಸ್ವರಮೇಳಗಳ ಬದಲು ಆಧಾರಸ್ವರ ಮತ್ತು ಅದರ ಪಂಚಮ ಮಾತ್ರವಿರುವ 'ಪವರ್ ಕಾರ್ಡ್'ಗಳನ್ನು ಹೆಚ್ಚಾಗಿ ಬಳಸುವುದು. ಇನ್ನೊಂದು, ಗಾಯವಾಗದ ತೋರುಬೆರಳು ಮತ್ತು ಕಿರುಬೆರಳುಗಳ ಮೇಲೆ ಹೆಚ್ಚು ಭಾರ ಹಾಕುವುದು. ಆ ಕಾಲದಲ್ಲಿ ಸಿಗುತ್ತಿದ್ದ ತಂತಿಗಳು ದಪ್ಪವಾಗಿದ್ದು ಎಳೆದರೆ ನೋಯುತ್ತಿದ್ದವು. ತೆಳು ತಂತಿಗಳ ಸೆಟ್ ತಯಾರಿಸಲು ಕಂಪನಿಗಳು ಒಪ್ಪದಿದ್ದಾಗ, ಮೇಲಿನ ಸ್ಥಾಯಿಯ ಎರಡು ತಂತಿಗಳ ಜಾಗಕ್ಕೆ ಬ್ಯಾಂಜೋ ತಂತಿಗಳನ್ನು ಕಟ್ಟಿ, ಉಳಿದ ತಂತಿಗಳನ್ನೂ ಒಂದೊಂದು ಅಳತೆ ತೆಳುವಾಗಿಸಿಕೊಂಡ.

ಇಷ್ಟರ ಮೇಲೆ ಶ್ರುತಿ ತಗ್ಗಿಸುವುದು. ತಂತಿಯ ಕಂಪನಸಂಖ್ಯೆ ಅದರ ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಮೂರು ಅರ್ಧಸ್ವರ, ಅಂದರೆ ಹಾರ್ಮೋನಿಯಂನಲ್ಲಿ ಕಪ್ಪು ಬಿಳಿ ಎಲ್ಲ ಸೇರಿ ಮೂರು ಮನೆ, ಇಳಿಸಿದರೆ ಗಿಟಾರಿನ ಅತಿ ಮಂದ್ರ ತಂತಿ ಸೆಕೆಂಡಿಗೆ 82.4 ಕಂಪನಗಳಿಂದ 69.3ಕ್ಕೆ ಬರುತ್ತದೆ. ಬಿಗಿತ ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ನೋವಿರುವ ಬೆರಳಿಗೆ ಇದು ಸಣ್ಣ ಸಹಾಯವಲ್ಲ. ನಾದವೂ ಕೆಳಗಿಳಿದು ಅಗಲವಾಗುತ್ತದೆ, ಗಾಯಕನಿಗೂ ಅನುಕೂಲ.

ಜನಪ್ರಿಯ ಬರಹಗಳು ಇಲ್ಲಿ ಕಾಲವನ್ನು ಕಲಸುವುದುಂಟು. ಮೊದಲ ಎರಡು ಆಲ್ಬಂಗಳ ಬಹುಪಾಲು ಹಾಡುಗಳು ಸಾಮಾನ್ಯ ಶ್ರುತಿಯಲ್ಲೇ ಇವೆ. ಮೂರು ಅರ್ಧಸ್ವರ ತಗ್ಗಿಸಿದ ಶ್ರುತಿ ಕೇಳಿಬರುವುದು 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಿಂದ. ಆದ್ದರಿಂದ 1970ರ ನಾದದ ಭಾರಕ್ಕೆ ಶ್ರುತಿಯನ್ನು ಕಾರಣವಾಗಿ ಹೇಳಲಾಗದು. ನಿಧಾನದ ನಡೆ, ಬರ್ಮಿಂಗ್‌ಹ್ಯಾಮಿನದೇ ಆದ ಲೇನಿ ಆಂಪ್ಲಿಫೈಯರ್‌ಗಳು, ಗಿಟಾರನ್ನೇ ನೆರಳಿನಂತೆ ಹಿಂಬಾಲಿಸುವ ಬಟ್ಲರ್‌ನ ಬೇಸ್, ಇವೆಲ್ಲ ಸೇರಿ ಆದದ್ದು ಅದು.

ಬಿಲ್ ವಾರ್ಡ್

ವಾರ್ಡ್‌ನ ಕಿವಿ ತಯಾರಾದದ್ದು ರಾಕ್ ಸಂಗೀತದಲ್ಲಲ್ಲ, ಅಮೆರಿಕದ ಬಿಗ್ ಬ್ಯಾಂಡ್ ಜಾಸ್‌ನಲ್ಲಿ. ಜೀನ್ ಕ್ರೂಪಾ ಮತ್ತು ಬಡ್ಡಿ ರಿಚ್ ಈತನ ಮೊದಲ ಗುರುಗಳೆನ್ನಬಹುದು, ಧ್ವನಿಮುದ್ರಿಕೆಗಳ ಮೂಲಕ. ಬ್ಲ್ಯಾಕ್ ಸ್ಯಾಬತ್‌ನ ಮೊದಲ ಆಲ್ಬಂಗಳಲ್ಲಿ ತಾಳ ನೇರವಾಗಿ ಬಡಿಯುವುದಿಲ್ಲ, ತೂಗುತ್ತದೆ. ಮುಂದೆ ಮೆಟಲ್ ಸಂಗೀತ ಕಳೆದುಕೊಂಡ ಗುಣ ಇದು. ವಾರ್ಡ್ ಡ್ರಮ್ಸ್ ಜೊತೆಗೆ ಹಾಡುತ್ತಲೂ ಇದ್ದ. ದಿ ರೆಸ್ಟ್ ಮುಗಿದ ಮೇಲೆ ಐಯೋಮಿ ಮತ್ತು ವಾರ್ಡ್ ಉತ್ತರದ ಕಾರ್ಲೈಲ್ ಪಟ್ಟಣದ ಮಿಥಾಲಜಿ ಎಂಬ ತಂಡ ಸೇರಿದರು. 1968ರಲ್ಲಿ ಗಾಂಜಾ ಪ್ರಕರಣದಲ್ಲಿ ಪೊಲೀಸರ ದಾಳಿಯಾಗಿ, ಕೆಲವೇ ವಾರಗಳಲ್ಲಿ ಆ ತಂಡ ಒಡೆಯಿತು.

ಗೀಜರ್ ಬಟ್ಲರ್

ನಿಜ ಹೆಸರು ಟೆರೆನ್ಸ್ ಬಟ್ಲರ್. ಡಬ್ಲಿನ್‌ನಿಂದ ಬಂದ ಕ್ಯಾಥೊಲಿಕ್ ಕುಟುಂಬದ ಏಳನೆಯ ಮಗು. ಲೆಕ್ಕಪತ್ರದ ಕೆಲಸ ಕಲಿಯುತ್ತಿದ್ದ ಈತ ನಾಲ್ವರಲ್ಲಿ ಹೆಚ್ಚು ಓದಿದವನು. ಎರಡೇ ತಂತಿ ಉಳಿದಿದ್ದ ಹಳೆಯ ಗಿಟಾರ್ ಒಂದರಲ್ಲಿ ಕಲಿಕೆ ಶುರುವಾಯಿತೆಂದು ಹೇಳಿಕೊಂಡಿದ್ದಾನೆ. ರೇರ್ ಬ್ರೀಡ್ ಎಂಬ ತಂಡದಲ್ಲಿ ರಿದಮ್ ಗಿಟಾರ್ ನುಡಿಸುತ್ತಿದ್ದ. ಕ್ರೀಮ್ ತಂಡದ ಜ್ಯಾಕ್ ಬ್ರೂಸ್ ಬೇಸ್ ಗಿಟಾರನ್ನು ಹಾಡಿಸುವ ರೀತಿ ಕಂಡು ಮನಸ್ಸು ಅತ್ತ ತಿರುಗಿತು. ಹೊಸ ತಂಡದಲ್ಲಿ ಇನ್ನೊಬ್ಬ ಗಿಟಾರ್ ವಾದಕ ಬೇಡವೆಂದು ಐಯೋಮಿ ಹೇಳಿದ್ದರಿಂದ ಆ ಬದಲಾವಣೆ ಅನಿವಾರ್ಯವೂ ಆಯಿತು. ಬೇಸ್ ಕೊಳ್ಳಲು ಹಣವಿಲ್ಲದೆ ಮೊದಮೊದಲು ತನ್ನ ಟೆಲಿಕಾಸ್ಟರ್ ಗಿಟಾರಿನ ತಂತಿಗಳನ್ನೇ ಸಡಿಲಿಸಿ ಅಭ್ಯಾಸ ಮಾಡಿದ. ತಂಡದ ಬಹುಪಾಲು ಸಾಹಿತ್ಯ ಈತನದು.

ಓಜಿ ಆಸ್ಬರ್ನ್

ಜಾನ್ ಮೈಕೇಲ್ ಆಸ್ಬರ್ನ್, ಲಾಡ್ಜ್ ರಸ್ತೆಯ ಪುಟ್ಟ ಮನೆಯ ಆರು ಮಕ್ಕಳಲ್ಲಿ ನಾಲ್ಕನೆಯವನು. ತಂದೆ ರಾತ್ರಿ ಪಾಳಿಯ ಟೂಲ್‌ಮೇಕರ್, ತಾಯಿ ಕಾರಿನ ಬಿಡಿಭಾಗ ಮಾಡುವ ಲೂಕಸ್ ಕಾರ್ಖಾನೆಯಲ್ಲಿ ಕಾರ್ಮಿಕಳು. ಡಿಸ್‌ಲೆಕ್ಸಿಯಾದಿಂದ ಓದು ತಲೆಗೆ ಹತ್ತಲಿಲ್ಲ. ಬರ್ಚ್‌ಫೀಲ್ಡ್ ರೋಡ್ ಶಾಲೆಯಲ್ಲಿ ಐಯೋಮಿ ಒಂದು ತರಗತಿ ಮುಂದಿದ್ದ. ಇಬ್ಬರಿಗೂ ಪರಸ್ಪರ ಹಿಡಿಸುತ್ತಿರಲಿಲ್ಲ. ಹದಿನೈದಕ್ಕೆ ಶಾಲೆ ಬಿಟ್ಟ ಆಸ್ಬರ್ನ್ ಕಾರಿನ ಹಾರ್ನ್‌ಗಳ ಶ್ರುತಿ ಕೂಡಿಸುವ ಕೆಲಸ ಮಾಡಿದ, ಕಸಾಯಿಖಾನೆಯಲ್ಲೂ ದುಡಿದ. ಕಳ್ಳತನದ ದಂಡ ಕಟ್ಟಲಾಗದೆ ವಿನ್‌ಸನ್ ಗ್ರೀನ್ ಜೈಲಿನಲ್ಲಿ ಕೆಲವು ವಾರ ಕಳೆದ.

ಸಂಗೀತದ ಹುಚ್ಚು ಹಿಡಿಸಿದ್ದು 1963ರಲ್ಲಿ ರೇಡಿಯೊದಲ್ಲಿ ಕೇಳಿದ ಬೀಟಲ್ಸ್. ಈತ ಯಾವ ವಾದ್ಯದಲ್ಲೂ ಶಿಕ್ಷಣ ಪಡೆದವನಲ್ಲ. ತಂದೆ ಸಾಲ ಮಾಡಿ ಸುಮಾರು 250 ಪೌಂಡ್ ಬೆಲೆಯ ಮೈಕ್ ಸೆಟ್ ಕೊಡಿಸಿದ್ದು ಈತನ ಬದುಕಿನ ತಿರುವು ಎನ್ನಬೇಕು. ಗಾಯಕರು ಬೇಕಾದಷ್ಟಿದ್ದರು, ಸ್ವಂತ ಮೈಕ್ ಸೆಟ್ ಇದ್ದವರು ಕಡಿಮೆ. ಓಜಿ ಜಿಗ್ ಎಂಬ ಹೆಸರಿನಲ್ಲಿ ವಾದ್ಯದಂಗಡಿಯೊಂದರಲ್ಲಿ ಅಂಟಿಸಿದ ಚೀಟಿಯಲ್ಲಿ ಆ ಸಂಗತಿಯನ್ನು ಮರೆಯದೆ ನಮೂದಿಸಿದ್ದ. ಹಾಡಿನ ಧಾಟಿ ಗಿಟಾರಿನ ಸ್ವರಗಳನ್ನೇ ಹಿಡಿದು ಸಾಗುವುದು ('ಐರನ್ ಮ್ಯಾನ್' ಇದಕ್ಕೆ ಸ್ಪಷ್ಟ ನಿದರ್ಶನ) ಶಿಕ್ಷಣವಿಲ್ಲದ ಕಂಠ ಕಂಡುಕೊಂಡ ದಾರಿಯಿರಬಹುದು. ಫಲ ಮಾತ್ರ ಅಪೂರ್ವ.

ತಂಡ ಕೂಡಿದ್ದು

ಚೀಟಿ ನೋಡಿ ಮೊದಲು ಬಂದವನು ಬಟ್ಲರ್. ಆಸ್ಬರ್ನ್ ಕೆಲಕಾಲ ರೇರ್ ಬ್ರೀಡ್‌ನಲ್ಲಿ ಹಾಡಿದ. ಕಾರ್ಲೈಲ್‌ನಿಂದ ಮರಳಿದ ಐಯೋಮಿ ಮತ್ತು ವಾರ್ಡ್ ಅದೇ ಚೀಟಿ ಹಿಡಿದು ಲಾಡ್ಜ್ ರಸ್ತೆಯ ಬಾಗಿಲು ತಟ್ಟಿದರು. ಬಾಗಿಲು ತೆರೆದವನನ್ನು ಕಂಡೊಡನೆ ಐಯೋಮಿ ಗುರುತಿಸಿದ; ಇವನಿಗೆ ಹಾಡಲು ಬರುವುದಿಲ್ಲವೆಂದು ಹಿಂದಿರುಗಿದ. ಕೆಲವು ದಿನಗಳಲ್ಲಿ ಆಸ್ಬರ್ನ್, ಬಟ್ಲರ್ ಇಬ್ಬರೂ ಡ್ರಮ್ಸ್ ವಾದಕನನ್ನು ಹುಡುಕುತ್ತ ಐಯೋಮಿಯ ಮನೆಗೇ ಬಂದರು. ಐಯೋಮಿಯನ್ನು ಬಿಟ್ಟು ಬರಲು ವಾರ್ಡ್ ಒಪ್ಪಲಿಲ್ಲ. ಹಾಗೆ ನಾಲ್ವರೂ ಒಂದಾದರು.

ಮೊದಲ ಹೆಸರು ಪೋಲ್ಕಾ ಟಲ್ಕ್ ಬ್ಲೂಸ್ ಬ್ಯಾಂಡ್. ಇದು ಪೌಡರ್ ಡಬ್ಬಿಯ ಮೇಲಿನಿಂದ ಬಂತೆಂದೂ ಬಟ್ಟೆ ಅಂಗಡಿಯ ಹೆಸರೆಂದೂ ಎರಡು ಹೇಳಿಕೆಗಳಿವೆ. ಆಗ ಸ್ಲೈಡ್ ಗಿಟಾರ್ ಮತ್ತು ಸ್ಯಾಕ್ಸೊಫೋನ್ ವಾದಕರೂ ಸೇರಿ ಆರು ಮಂದಿ. ಆ ಇಬ್ಬರನ್ನು ಬಿಡಿಸಲು ಮುಖ ಮುರಿಯಲಾಗದೆ ತಂಡವೇ ಮುಗಿಯಿತೆಂದು ನಟಿಸಿ, ನಾಲ್ವರು ಅರ್ಥ್ ಎಂಬ ಹೆಸರಿನಲ್ಲಿ ಮತ್ತೆ ಕೂಡಿದರು. ನುಡಿಸುತ್ತಿದ್ದದ್ದು ಅಮೆರಿಕನ್ ಬ್ಲೂಸ್. ಸ್ಟೇಷನ್ ಸ್ಟ್ರೀಟಿನ ಕ್ರೌನ್ ಪಬ್‌ನ ಮಹಡಿಯಲ್ಲಿ ಹೆನ್ರೀಸ್ ಬ್ಲೂಸ್‌ಹೌಸ್ ಎಂಬ ಕ್ಲಬ್ ನಡೆಸುತ್ತಿದ್ದ ಜಿಮ್ ಸಿಂಪ್ಸನ್ ಇವರ ಮೊದಲ ಮ್ಯಾನೇಜರ್. ಸ್ವತಃ ಜಾಸ್ ಟ್ರಂಪೆಟ್ ವಾದಕ.

1968ರ ಡಿಸೆಂಬರಿನಲ್ಲಿ ಐಯೋಮಿ ಜೆತ್ರೊ ಟಲ್ ತಂಡಕ್ಕೆ ಹೋಗಿ, ರೋಲಿಂಗ್ ಸ್ಟೋನ್ಸ್‌ನ 'ರಾಕ್ ಅಂಡ್ ರೋಲ್ ಸರ್ಕಸ್' ಚಿತ್ರೀಕರಣದಲ್ಲಿ ಕಾಣಿಸಿಕೊಂಡು, ಕೆಲವೇ ವಾರಗಳಲ್ಲಿ ಮರಳಿದ. ಸಣ್ಣ ಪ್ರಸಂಗವೆಂದು ಇದನ್ನು ದಾಟುವವರಿದ್ದಾರೆ, ಪರಿಣಾಮ ಸಣ್ಣದಲ್ಲ. ಬೆಳಿಗ್ಗೆ ಒಂಬತ್ತಕ್ಕೇ ತಾಲೀಮಿಗೆ ಕೂರುವ ಅವರ ಶಿಸ್ತನ್ನು ಐಯೋಮಿ ಆಸ್ಟನ್‌ಗೆ ತಂದ. ತಾಲೀಮಿನ ಜಾಗದ ಎದುರಿನ ಸಿನಿಮಾ ಮಂದಿರದಲ್ಲಿ ಭಯಾನಕ ಚಿತ್ರ ನೋಡಲು ಜನ ಸಾಲುಗಟ್ಟುವುದನ್ನು ಕಂಡು, ಹೆದರಲು ಹಣ ಕೊಡುವವರಿದ್ದಾರಲ್ಲ ಎಂಬ ಯೋಚನೆ ಹುಟ್ಟಿತೆಂಬ ಕಥೆ ಪ್ರಸಿದ್ಧ. ಮಾರಿಯೊ ಬಾವಾ ನಿರ್ದೇಶನದ 1963ರ ಭಯಾನಕ ಚಿತ್ರದ ಇಂಗ್ಲಿಷ್ ಶೀರ್ಷಿಕೆಯೇ ಮೊದಲು ಇವರ ಒಂದು ಹಾಡಿಗೆ, 1969ರಲ್ಲಿ ತಂಡಕ್ಕೆ ಹೆಸರಾಯಿತು. ಅರ್ಥ್ ಎಂಬ ಇನ್ನೊಂದು ತಂಡ ಆಗಲೇ ಇದ್ದುದೂ ಇದಕ್ಕೆ ಕಾರಣ.

ಮೂರು ಸ್ವರಗಳು

'ಬ್ಲ್ಯಾಕ್ ಸ್ಯಾಬತ್' ಹಾಡಿನ ರಿಫ್‌ನಲ್ಲಿರುವುದು ಮೂರು ಸ್ವರ. ಮೊದಲನೆಯದನ್ನು ಷಡ್ಜವೆಂದು ಹಿಡಿದರೆ ಎರಡನೆಯದು ತಾರಷಡ್ಜ, ಮೂರನೆಯದು ಪ್ರತಿ ಮಧ್ಯಮ. ಬಟ್ಲರ್ ಬೇಸ್‌ನಲ್ಲಿ ಗುಸ್ತಾವ್ ಹೋಲ್ಸ್ಟ್‌ನ 'ಪ್ಲಾನೆಟ್ಸ್' ಕೃತಿಯ ಮಂಗಳ ಭಾಗವನ್ನು ಬಾರಿಸುತ್ತಿದ್ದುದರಿಂದ ಇದು ಹೊಳೆಯಿತೆಂದು ಹೇಳಲಾಗಿದೆ. ಈ ಅಂತರವನ್ನು ಮಧ್ಯಯುಗದ ಚರ್ಚ್ ನಿಷೇಧಿಸಿತ್ತೆಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಸೈತಾನನ ಹೆಸರು ಅದಕ್ಕೆ ಅಂಟಿದ್ದು 18ನೆಯ ಶತಮಾನದ ಶಾಸ್ತ್ರಗ್ರಂಥಗಳ ಮೂಲಕ. ಕರ್ನಾಟಕ ಸಂಗೀತದ 72 ಮೇಳಗಳಲ್ಲಿ 36 ಈ ಮಧ್ಯಮವನ್ನೇ ಹೊತ್ತಿವೆ, ಕಲ್ಯಾಣಿ ಕೇಳಿ ಬೆಚ್ಚಿದವರಿಲ್ಲ. ಅಂತರವೊಂದೇ ಭಯ ಹುಟ್ಟಿಸುವುದಿಲ್ಲ. ಷಡ್ಜದಿಂದ ತಾರಷಡ್ಜಕ್ಕೆ ಹಾರಿ, ಅಲ್ಲಿಂದ ಪ್ರತಿ ಮಧ್ಯಮಕ್ಕೆ ಬಿದ್ದು, ಅದನ್ನು ಪಂಚಮದತ್ತ ನಡುಗಿಸುತ್ತ, ಆದರೆ ಪಂಚಮದಲ್ಲಿ ನಿಲ್ಲದೆ ಬಿಟ್ಟುಬಿಡುವ ನಡೆಯಲ್ಲಿ ಅದು ಇದೆ. ಜೊತೆಗೆ ವಾರ್ಡ್ ಉಳಿಸುವ ಮೌನಗಳು.

ಮೊದಲ ಆಲ್ಬಂ ಮತ್ತು ಅನಂತರ

1969ರ ಅಕ್ಟೋಬರ್ 16ರಂದು ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೊದಲ್ಲಿ, ನಿರ್ಮಾಪಕ ರಾಜರ್ ಬೇನ್ ಮೇಲ್ವಿಚಾರಣೆಯಲ್ಲಿ, ಇಡೀ ಆಲ್ಬಂ ಸುಮಾರು 12 ಗಂಟೆಗಳಲ್ಲಿ ಮುದ್ರಣವಾಯಿತು. ಮೊದಲ ಹಾಡು ಮುದ್ರಿಸಿದ ಮೇಲೆ ಐಯೋಮಿಯ ಸ್ಟ್ರಾಟೊಕಾಸ್ಟರ್ ಕೆಟ್ಟಿತು. ಜೊತೆಗಿದ್ದ ಗಿಬ್ಸನ್ ಎಸ್‌ಜಿ ಹಿಡಿದ ಈತ ಮುಂದೆ ಅದರಿಂದಲೇ ಹೆಸರಾದ. 1970ರ ಫೆಬ್ರವರಿ 13ರಂದು ಬಿಡುಗಡೆಯಾದ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ 8ನೆಯ ಸ್ಥಾನಕ್ಕೇರಿತು. ಅದೇ ವರ್ಷದ 'ಪ್ಯಾರನಾಯ್ಡ್' ಮೊದಲ ಸ್ಥಾನ ಪಡೆಯಿತು.

1979ರಲ್ಲಿ ಆಸ್ಬರ್ನ್‌ನನ್ನು ಕೈಬಿಟ್ಟ ಮೇಲೆ ಬಂದುಹೋದ ಸದಸ್ಯರು ಅನೇಕರು. ಎಲ್ಲ ಕಾಲದಲ್ಲೂ ಉಳಿದವನು ಐಯೋಮಿ ಒಬ್ಬನೇ. ಮೂಲ ನಾಲ್ವರು 1997ರಲ್ಲಿ ಮತ್ತೆ ಸೇರಿದರು. 2013ರ '13' ಆಲ್ಬಂನಲ್ಲಿ ವಾರ್ಡ್ ಇರಲಿಲ್ಲ. ನಾಲ್ವರ ಕೊನೆಯ ಕಛೇರಿ ನಡೆದದ್ದು 2025ರ ಜುಲೈ 5ರಂದು, ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ. ಆಸ್ಬರ್ನ್ ಅದೇ ತಿಂಗಳ 22ರಂದು ತೀರಿಕೊಂಡ. 2023ರಲ್ಲಿ ಬರ್ಮಿಂಗ್‌ಹ್ಯಾಮ್ ರಾಯಲ್ ಬ್ಯಾಲೆ ಈ ತಂಡದ ಸಂಗೀತವನ್ನಾಧರಿಸಿ ನೃತ್ಯಪ್ರದರ್ಶನವೊಂದನ್ನು ರಂಗಕ್ಕೆ ತಂದಿತ್ತು. ಇವರಿಂದ ಹೊರಟ ಧಾರೆಗೆ ಬೆಂಗಳೂರಿನಲ್ಲೂ ಕವಲುಗಳಿವೆ. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ ಅವುಗಳಲ್ಲಿ ಒಂದು.